ತಪ್ಪುವುದಕ್ಕೂ ಕಾರಣ ಬೇಕು: ವಿಡಿಯೊ ಗೇಮಿನಲ್ಲಿ ಕ್ಷಿಪಣಿಯ ಹಾರಾಟ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಓದಿ ಈಗ ಕಂಪ್ಯೂಟರ್ ಕಲಿಯುತ್ತಿರುವವರು ಈ ಸಭೆಯಲ್ಲಿ ಹೆಚ್ಚು ಮಂದಿ ಇದ್ದೀರಿ. ಪಿಯುಸಿ ಮಟ್ಟದ ವೆಕ್ಟರ್ ಗಣಿತ ನಿಮಗೆ ಗೊತ್ತಿದೆ ಎಂದುಕೊಂಡೇ ಮಾತಾಡುತ್ತೇನೆ. ಯುದ್ಧವಿಮಾನದ ಗೇಮಿನಲ್ಲಿ ಕ್ಷಿಪಣಿ ನಂಬುವ ಹಾಗೆ ಹಾರಬೇಕಾದರೆ ಕೋಡಿನೊಳಗೆ ಏನಿರಬೇಕು ಎಂಬುದು ಇವತ್ತಿನ ವಿಷಯ.

ಮೊದಲ ಸಲ ಬರೆಯುವವರೆಲ್ಲ ಮಾಡುವುದು ಒಂದೇ: ಪ್ರತಿ ಫ್ರೇಮಿನಲ್ಲೂ ಕ್ಷಿಪಣಿಯ ಮೂತಿಯನ್ನು ಗುರಿಯ ಕಡೆಗೆ ತಿರುಗಿಸಿ ಮುಂದಕ್ಕೆ ತಳ್ಳುವುದು. ಮಳೆಗಾಲದಲ್ಲಿ ಚಂದ್ರಗಿರಿ ಹೊಳೆ ದಾಟುವಾಗ ದೋಣಿಯ ಮೂತಿಯನ್ನು ಆಚೆ ಕಡವಿಗೇ ನೆಟ್ಟು ಹುಟ್ಟು ಹಾಕಿದರೆ ಏನಾಗುತ್ತದೆ? ಸೆಳೆತ ದೋಣಿಯನ್ನು ಕೆಳಕ್ಕೆ ಒಯ್ಯುತ್ತದೆ, ದಾರಿ ಬಿಲ್ಲಿನಂತೆ ಬಾಗುತ್ತದೆ, ಕೊನೆಗೆ ನೀರಿಗೆ ಎದುರಾಗಿಯೇ ಏಗಬೇಕಾಗುತ್ತದೆ. ಗೇಮಿನಲ್ಲೂ ಅಷ್ಟೇ. ಅಡ್ಡಕ್ಕೆ ಹಾರುವ ವಿಮಾನದ ಹಿಂದೆ ಕ್ಷಿಪಣಿ ಬಾಲದಂತೆ ಸುತ್ತುತ್ತದೆ.

ಸರಿಯಾದ ದಾರಿ ಯಾವುದೆಂದು ಕಡಲಿಗೆ ಹೋಗುವವರಿಗೆ ಗೊತ್ತು. ದೂರದ ಇನ್ನೊಂದು ದೋಣಿ ಹತ್ತಿರವಾಗುತ್ತಲೇ ಇದ್ದು, ಅದು ಕಾಣುವ ದಿಕ್ಕು ಮಾತ್ರ ಬದಲಾಗದಿದ್ದರೆ ಎರಡೂ ಡಿಕ್ಕಿಯಾಗುತ್ತವೆ. ದೋಣಿಯವರು ತಪ್ಪಿಸಿಕೊಳ್ಳಲು ನೋಡುವ ಈ ಲಕ್ಷಣವನ್ನೇ ಕ್ಷಿಪಣಿ ಬೇಕೆಂದು ಉಂಟುಮಾಡುತ್ತದೆ. ಗುರಿಯತ್ತ ಎಳೆದ ದೃಷ್ಟಿರೇಖೆ ಎಷ್ಟು ವೇಗವಾಗಿ ತಿರುಗುತ್ತಿದೆಯೋ ಅದಕ್ಕೆ ತಕ್ಕಷ್ಟು ಅಡ್ಡಕ್ಕೆ ತಿರುಗಿ, ಆ ತಿರುಗುವಿಕೆಯನ್ನು ಸೊನ್ನೆಗೆ ಇಳಿಸುವುದು. ಇದಕ್ಕೆ ಪ್ರಪೋರ್ಷನಲ್ ನ್ಯಾವಿಗೇಶನ್ ಎನ್ನುತ್ತಾರೆ. 1950ರ ದಶಕದಲ್ಲಿ ಸೇವೆಗೆ ಬಂದ ಅಮೆರಿಕದ ಸೈಡ್‌ವಿಂಡರ್ ಕ್ಷಿಪಣಿ ಹಾರುವುದೂ ಈ ತತ್ತ್ವದ ಮೇಲೆಯೇ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪೆರೆಗ್ರಿನ್ ಗಿಡುಗಗಳಿಗೆ ಜಿಪಿಎಸ್ ಮತ್ತು ಕ್ಯಾಮೆರಾ ಕಟ್ಟಿ ನೋಡಿದಾಗ, ಅವು ಬೇಟೆಯ ಮೇಲೆರಗುವ ದಾರಿಯೂ ಇದೇ ನಿಯಮಕ್ಕೆ ಹೊಂದಿತ್ತು. 2017ರಲ್ಲಿ ಅದು ಪ್ರಕಟವಾಯಿತು. ಗಿಡುಗದ ಕಣ್ಣಿಗೂ, ಗುರಿಯನ್ನು ನೋಡುತ್ತಿರುವ ಕ್ಷಿಪಣಿಯ ಕಣ್ಣಾದ ಸೀಕರಿಗೂ ಒಂದೇ ಗಣಿತ ಒಗ್ಗಿತು ಎಂಬುದು ಎಷ್ಟು ಚೆಂದ!

ಕೋಡಿನಲ್ಲಿ ಇದು ನಾಲ್ಕು ಸಾಲು. ಗುರಿಯ ಸ್ಥಾನದಿಂದ ಕ್ಷಿಪಣಿಯ ಸ್ಥಾನ ಕಳೆದರೆ ಅಂತರದ ವೆಕ್ಟರ್. ವೇಗಗಳನ್ನೂ ಹಾಗೆಯೇ ಕಳೆದರೆ ಸಾಪೇಕ್ಷ ವೇಗ. ಅಂತರ ಕ್ರಾಸ್ ಸಾಪೇಕ್ಷ ವೇಗ, ಅದನ್ನು ಅಂತರದ ವರ್ಗದಿಂದ ಭಾಗಿಸಿದರೆ ದೃಷ್ಟಿರೇಖೆ ತಿರುಗುವ ದರ. ಇನ್ನು ಸಾಪೇಕ್ಷ ವೇಗ ಕ್ರಾಸ್ ಆ ದರ, ಅದಕ್ಕೊಂದು ಸ್ಥಿರಾಂಕದ ಗುಣಾಕಾರ: ಇದೇ ಬೇಕಾದ ವೇಗೋತ್ಕರ್ಷ. ಸ್ಥಿರಾಂಕ 3ರಿಂದ 5ರ ನಡುವೆ ಇರಲಿ. 2ಕ್ಕಿಂತ ಕೆಳಗಿಳಿದರೆ ಕೊನೆಯಲ್ಲಿ ತಿರುವು ಸಾಲದು. ಬಹಳ ಏರಿಸಿದರೆ ಸಣ್ಣ ಅಲುಗಾಟಕ್ಕೂ ಕ್ಷಿಪಣಿ ನಡುಗುತ್ತದೆ. ಗೇಮ್ ಕಟ್ಟುವ ತಂತ್ರಾಂಶ ಯೂನಿಟಿ ಎಡಗೈ ಅಕ್ಷಗಳದ್ದಲ್ಲವೇ, ಚಿಹ್ನೆ ಬದಲಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಕ್ರಾಸ್ ಪ್ರಾಡಕ್ಟ್ ಎರಡು ಸಲ ಬರುವುದರಿಂದ ಆ ವ್ಯತ್ಯಾಸ ತಾನಾಗಿ ಅಳಿಯುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಕ್ಷಿಪಣಿ ಎಂದೂ ತಪ್ಪುವುದಿಲ್ಲ, ಆಡುವವನಿಗೆ ಬದುಕುವ ದಾರಿಯೇ ಇರುವುದಿಲ್ಲ. ಆಗ ಹಲವರು ದಾಳ ಹಾಕುತ್ತಾರೆ: ನೂರಕ್ಕೆ ಮೂವತ್ತು ಸಲ ತಪ್ಪಲಿ ಎಂದು ರ‍್ಯಾಂಡಮ್ ಸಂಖ್ಯೆ ಸೇರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಾನು ಯಾಕೆ ಸತ್ತೆ, ಯಾಕೆ ಉಳಿದೆ ಎಂದು ಆಡುವವನಿಗೆ ತಿಳಿಯದೆ ಹೋದರೆ ಅವನು ಏನನ್ನೂ ಕಲಿಯಲಾರ. ಕ್ಷಿಪಣಿ ತಪ್ಪಬೇಕಾದದ್ದು ಅದರ ಮಿತಿಗಳಿಂದ. ಆ ಮಿತಿಗಳಲ್ಲಿ ಮುಖ್ಯವಾದವು ಮೂರು: ಕಸುವು, ತಡ, ನೋಟ.

ಕಸುವಿನ ವಿಚಾರಕ್ಕೆ ಹೆಚ್ಚು ಹೊತ್ತು ಕೊಡಬೇಕು. ಕುಂಬಳೆ ಬೆಡಿಯಲ್ಲಿ, ಅಂದರೆ ಅಲ್ಲಿನ ಸುಡುಮದ್ದಿನ ಉತ್ಸವದಲ್ಲಿ, ಬಾಣ ಏರುವುದನ್ನು ನೋಡಿದ್ದೀರಲ್ಲ? ಮದ್ದು ಉರಿದು ಮುಗಿದ ಮೇಲೂ ಅದು ಗಳಿಸಿದ ವೇಗದಲ್ಲೇ ಸ್ವಲ್ಪ ಏರುತ್ತದೆ. ಕ್ಷಿಪಣಿಯ ಮೋಟಾರೂ ಕೆಲವೇ ಸೆಕೆಂಡು ಉರಿಯುತ್ತದೆ; ಮಿಕ್ಕ ಹಾರಾಟವೆಲ್ಲ ಉಳಿತಾಯದ ಖರ್ಚು. ಗಾಳಿಯ ತಡೆ ಎಂದರೆ ಅರ್ಧ, ಗುಣಿಸು ಗಾಳಿಯ ಸಾಂದ್ರತೆ, ವೇಗದ ವರ್ಗ, ಡ್ರ್ಯಾಗ್ (ತಡೆಯ) ಗುಣಾಂಕ, ಅಡ್ಡಕೊಯ್ತದ ವಿಸ್ತೀರ್ಣ. 127 ಮಿಲಿಮೀಟರ್ ವ್ಯಾಸ, ಇಂಧನ ಮುಗಿದ ಮೇಲೆ 60 ಕಿಲೊ ತೂಕ, ಗುಣಾಂಕ 0.4 ಎಂದು ಇಟ್ಟುಕೊಳ್ಳೋಣ. ಸಮುದ್ರಮಟ್ಟದಲ್ಲಿ ಸಾಂದ್ರತೆ ಘನಮೀಟರಿಗೆ 1.225 ಕಿಲೊ. ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ತಡೆ ಸುಮಾರು 2,000 ನ್ಯೂಟನ್. ಅಂದರೆ ಪ್ರತಿ ಸೆಕೆಂಡಿಗೂ 33 ಮೀಟರಿನಷ್ಟು ವೇಗ ಸೋರಿಹೋಗುತ್ತದೆ. 10 ಕಿಲೊಮೀಟರ್ ಎತ್ತರದಲ್ಲಿ ಸಾಂದ್ರತೆ ಸುಮಾರು 0.41, ಸೋರಿಕೆ ಮೂರನೆಯ ಒಂದಕ್ಕೆ ಇಳಿಯುತ್ತದೆ. ಅದೇ ಕ್ಷಿಪಣಿ ಮೇಲೆ ದೂರ ಹೋಗುವುದು, ಕೆಳಗೆ ಬೇಗ ಸೋಲುವುದು ಈ ಒಂದು ಸಾಲಿನಿಂದಲೇ ಬರುತ್ತದೆ. ಗುಣಾಂಕವನ್ನು ಸ್ಥಿರವಾಗಿ ಇಡಬೇಡಿ. ಶಬ್ದದ ವೇಗದ ಆಸುಪಾಸಿನಲ್ಲಿ ಅದು ಜಿಗಿಯುತ್ತದೆ. ಏಳೆಂಟು ಬಿಂದುಗಳ ಪಟ್ಟಿ ಮಾಡಿ ನಡುವಿನ ಬೆಲೆಗಳನ್ನು ಲೆಕ್ಕಹಾಕಿಸಿದರೆ ಸಾಕು.

ತಿರುಗುವಾಗ ತಡೆ ಇನ್ನೂ ಹೆಚ್ಚಬೇಕು. ಹೆಚ್ಚಿನವರು ಬಿಡುವುದು ಇದನ್ನೇ. ಅಡ್ಡಬಲದ ವರ್ಗಕ್ಕೆ ತಕ್ಕಂತೆ ಬೇರೊಂದು ಡ್ರ್ಯಾಗ್ ಸೇರಿಸದಿದ್ದರೆ, ವಿಮಾನ ಎಡಕ್ಕೂ ಬಲಕ್ಕೂ ಹೊರಳಿ ಕ್ಷಿಪಣಿಯನ್ನು ದಣಿಸುವ ತಂತ್ರಕ್ಕೆ ಬೆಲೆಯೇ ಇರುವುದಿಲ್ಲ.

ತಿರುವಿಗೆ ಎರಡು ಮಿತಿ ಹಾಕಿ: ಮೈಗಟ್ಟು ತಾಳುವಷ್ಟು, ರೆಕ್ಕೆಗಳು ಗಾಳಿಯಿಂದ ಪಡೆಯಬಲ್ಲಷ್ಟು. ಯಾವುದು ಕಡಿಮೆಯೋ ಅದು ನಡೆಯಲಿ. 900 ಮೀಟರ್ ವೇಗದಲ್ಲಿ ರೆಕ್ಕೆಗಳಿಗೆ 30 ಜಿ (ಗುರುತ್ವದ ವೇಗೋತ್ಕರ್ಷದ 30 ಪಟ್ಟು) ಸಿಗುತ್ತದೆ ಎನ್ನಿ, ತಿರುವಿನ ತ್ರಿಜ್ಯ ಸುಮಾರು 2,750 ಮೀಟರ್. ವೇಗ ಅರ್ಧಕ್ಕೆ ಇಳಿದರೆ ರೆಕ್ಕೆಯ ಬಲ ಕಾಲುಭಾಗವಾಗುತ್ತದೆ, 7.5 ಜಿ. ತ್ರಿಜ್ಯ ಮಾತ್ರ ಮತ್ತೆ ಅದೇ 2,750! ಆದರೆ ಅಷ್ಟು ತಿರುಗಲು ಎರಡರಷ್ಟು ಸಮಯ ಬೇಕು. ರೆಕ್ಕೆಯ ಮಿತಿ ನಡೆಯುತ್ತಿರುವಾಗ ನಿಧಾನವಾದ ಕ್ಷಿಪಣಿ ಚುರುಕಾಗಿ ತಿರುಗಿದರೆ ನಿಮ್ಮ ಲೆಕ್ಕದಲ್ಲಿ ಏನೋ ತಪ್ಪಿದೆ ಎಂದೇ ತಿಳಿಯಿರಿ.

ಇನ್ನು ತಡ. ಆಜ್ಞೆ ಕೊಟ್ಟ ಕ್ಷಣದಲ್ಲೇ ಮೈ ತಿರುಗುವುದಿಲ್ಲ. ಬೇಕಾದ ವೇಗೋತ್ಕರ್ಷದ ಕಡೆಗೆ ಈಗಿನದು 0.2ರಿಂದ 0.3 ಸೆಕೆಂಡಿನ ಕಾಲಸ್ಥಿರಾಂಕದಲ್ಲಿ (ಹೊಂದಿಕೊಳ್ಳಲು ಹಿಡಿಯುವ ಸಮಯದ ಅಳತೆ) ಸರಿಯಲಿ. ತಾಗಲು ಒಂದೆರಡು ಸೆಕೆಂಡು ಇರುವಾಗ ಮಾಡಿದ ಬಿರುಸಾದ ತಿರುವು ಕೆಲಸ ಮಾಡುವುದು ಈ ತಡದಿಂದ. ಬೇಗ ತಿರುಗಿದರೆ ಕ್ಷಿಪಣಿ ಸರಿಪಡಿಸಿಕೊಳ್ಳುತ್ತದೆ, ತೀರ ಕೊನೆಗೆ ತಿರುಗಿದರೆ ವಿಮಾನ ಅಷ್ಟು ದೂರ ಸರಿದಿರುವುದಿಲ್ಲ. ದಾಳದಿಂದ ಬಾರದ ಕೌಶಲ ಇಲ್ಲಿ ಬಂತು.

ನೋಟದ ವಿಚಾರ ಚಿಕ್ಕದು. ಮೂತಿಯಿಂದ ಸೀಕರ್ ಎಷ್ಟು ಡಿಗ್ರಿ ಓರೆಗೆ ನೋಡಬಲ್ಲದು, ಎಷ್ಟು ವೇಗವಾಗಿ ಹೊರಳಬಲ್ಲದು ಎಂಬ ಎರಡು ಸಂಖ್ಯೆ ಇಡಿ. ಮೀರಿದರೆ ಗುರಿ ಕೈತಪ್ಪಲಿ, ಕ್ಷಿಪಣಿ ನೇರ ಹೋಗಲಿ.

ಕೆಡುವುದು ಹೆಚ್ಚಾಗಿ ಕಾಲದ ಲೆಕ್ಕದಲ್ಲಿ. ಕ್ಷಿಪಣಿ 900, ಎದುರು ಬರುವ ವಿಮಾನ 300 ಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ 60 ಫ್ರೇಮಿನಲ್ಲಿ ಒಂದು ಫ್ರೇಮಿಗೆ 20 ಮೀಟರ್ ಅಂತರ ಕಳೆಯುತ್ತದೆ. ಸ್ಫೋಟದ ವ್ಯಾಪ್ತಿ 8 ಮೀಟರ್ ಇಟ್ಟಿದ್ದರೆ ಒಂದು ಫ್ರೇಮಿನಲ್ಲಿ ಕ್ಷಿಪಣಿ ವಿಮಾನದ ಈಚೆ, ಮುಂದಿನದರಲ್ಲಿ ಆಚೆ. ತಾಗಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಅಂತರ ಡಾಟ್ ಸಾಪೇಕ್ಷ ವೇಗ, ಅದನ್ನು ಸಾಪೇಕ್ಷ ವೇಗದ ವರ್ಗದಿಂದ ಭಾಗಿಸಿ, ಚಿಹ್ನೆ ತಿರುಗಿಸಿ: ಅತಿ ಹತ್ತಿರ ಬರುವ ಕ್ಷಣ ಸಿಗುತ್ತದೆ. ಆ ಕ್ಷಣವನ್ನು ಫ್ರೇಮಿನ ಅವಧಿಯೊಳಗೆ ಹಿಡಿದು, ಆಗಿನ ಅಂತರವನ್ನು ನೋಡಿ. ಹಾರಾಟದ ಲೆಕ್ಕವೆಲ್ಲ ಚಿತ್ರದ ಫ್ರೇಮಿಗೆ ಅಂಟದೆ ಸೆಕೆಂಡಿನ 120ನೆಯ ಒಂದು ಪಾಲಿನ ಸ್ಥಿರ ಹೆಜ್ಜೆಯಲ್ಲಿ ನಡೆಯಲಿ.

ನೆಟ್‌ವರ್ಕಿನಲ್ಲಿ ಆಡುವ ಗೇಮಾದರೆ ಇನ್ನೊಂದು ಪೀಡೆ. ಗುರಿಯ ಸ್ಥಾನ ಸೆಕೆಂಡಿಗೆ 20 ಸಲ ಮಾತ್ರ ಬರುತ್ತದೆ. ಎರಡು ಸ್ಥಾನಗಳನ್ನು ಕಳೆದು ವೇಗ ಕಂಡುಹಿಡಿಯಲು ಹೋದರೆ ಅದು ಒಮ್ಮೆ ಸೊನ್ನೆ, ಒಮ್ಮೆ ಹಾರುಗಪ್ಪೆ. ಕ್ಷಿಪಣಿ ಹಾವಿನಂತೆ ಹೊರಳುತ್ತದೆ. ಸ್ಥಾನದ ಜೊತೆ ವೇಗವನ್ನೂ ಕಳುಹಿಸಿ, ನಡುವಿನ ಸ್ಥಾನವನ್ನು ಅದರಿಂದ ಲೆಕ್ಕಹಾಕಿ.

ಪರೀಕ್ಷೆಗೆ, ನೇರ ಹಾರುವ ಗುರಿಯೊಂದನ್ನು ಅಡ್ಡಕ್ಕೆ ಬಿಟ್ಟು ದೃಷ್ಟಿರೇಖೆಯ ದರವನ್ನು ಫೈಲಿಗೆ ಬರೆಸಿ ಗ್ರಾಫ್ ಎಳೆಯಿರಿ. ಅದು ಸೊನ್ನೆಯತ್ತ ಇಳಿಯಬೇಕು. ಕೊನೆಯ ಕೆಲವು ಮೀಟರಿನಲ್ಲಿ ಅಂತರ ಸೊನ್ನೆಗೆ ಹತ್ತಿರವಾಗುವುದರಿಂದ ದರ ಸಿಡಿದೇಳಬಹುದು. ಅದರಿಂದ ಕ್ಷಿಪಣಿ ವಿಪರೀತ ತಿರುಗದಂತೆ ಮೇಲೆ ಹೇಳಿದ ತಿರುವಿನ ಮಿತಿ ತಡೆಯುತ್ತದೆ. ಅದೇ ಓಟವನ್ನು 30, 60, 144 ಫ್ರೇಮುಗಳಲ್ಲಿ ಮಾಡಿಸಿ, ಮೂರು ದಾರಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಗೆರೆಗಳು ಬೇರೆಯಾದರೆ ಸ್ಥಿರಾಂಕಗಳನ್ನು ಮುಟ್ಟಬೇಡಿ, ಮೊದಲು ಕಾಲದ ಹೆಜ್ಜೆಯನ್ನು ಸರಿಪಡಿಸಿ.