ಊರಿಗೆ ಹೋಗಿ ಕಾಗದ ಬರೀತೀವಿ: ಲಕ್ರಾಸ್ ರಿಕ್ರೂಟಿಂಗ್ ಬಗ್ಗೆ ನಮ್ಮ ಕೂಟದಲ್ಲಿ ಆಡಿದ ಮಾತು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದೆಯಾ? ಸರಿ. ಕಾರ್ಯದರ್ಶಿಗಳು ನನಗೆ ಇಪ್ಪತ್ತು ನಿಮಿಷ ಅಂದಿದ್ರು, ಮಕ್ಕಳ ಡ್ಯಾನ್ಸ್ ಲೇಟಾಯ್ತಲ್ಲ, ಈಗ ಹನ್ನೆರಡು ಅಂತಿದಾರೆ, ನೋಡೋಣ.

ನಾವಿರೋದು ಮೇರಿಲ್ಯಾಂಡಲ್ಲಿ, ಇಲ್ಲಿರೋ ಅರ್ಧ ಜನರ ಕಾರ್ ಡಿಕ್ಕೀಲಿ ಬೆವರು ನಾತ ಹೊಡೆಯೋ ಗ್ಲೌಸು ಇದ್ದೇ ಇರತ್ತೆ, ಹಾಗಾಗಿ ಲಕ್ರಾಸ್ ಏನು ಅಂತ ಹೇಳ್ತಾ ಕೂರಲ್ಲ, ತುದಿಗೆ ಬಲೆ ಕಟ್ಟಿದ ಕೋಲಲ್ಲಿ ಚೆಂಡು ಹಿಡಿದು ಎಸೆಯೋ ಆಟ, ಅಷ್ಟೇ. ನನ್ನ ಮಗ ಡಿಫೆನ್ಸು, ಆರಡಿ ಕೋಲು. ನಮ್ಮತ್ತೆ ಹಾಸನದಿಂದ ಬಂದಾಗ ಗರಾಜಲ್ಲಿ ಅದನ್ನ ನೋಡಿ "ಇಲ್ಲೂ ಮಾವಿನಮರ ಇದೆಯೇನೇ, ದೋಟಿ ಇಟ್ಕೊಂಡಿದೀರಾ" ಅಂದಿದ್ರು. ಆಯುಧಪೂಜೆಗೆ ಆ ದೋಟಿಗೂ ಕುಂಕುಮ ಇಡ್ತೀವಿ, ಮಗ ಮೊದಲು ನಗ್ತಿದ್ದ, ಆಮೇಲೆ ಅವನೇ ಓದ್ಕೊಂಡು ಬಂದು ಹೇಳ್ದ, ಇದು ಮೂಲದಲ್ಲಿ ಇಲ್ಲಿನ ಮೂಲನಿವಾಸಿಗಳಾದ ಹೋಡೆನೊಶೋನಿ ಜನರ ಆಟ, ಅವರಿಗೆ ಇದು ಸೃಷ್ಟಿಕರ್ತ ಕೊಟ್ಟ ಆಟ ಅಂತ. ಅವತ್ತಿಂದ ಕುಂಕುಮಕ್ಕೆ ತಕರಾರಿಲ್ಲ.

ವಿಷಯಕ್ಕೆ ಬರ್ತೀನಿ, ರಿಕ್ರೂಟಿಂಗ್, ಅಂದ್ರೆ ಕಾಲೇಜ್ ಕೋಚ್‌ಗಳು ಟೀಮಿಗೆ ಹೈಸ್ಕೂಲ್ ಮಕ್ಕಳನ್ನ ಆರಿಸ್ಕೊಳ್ಳೋದು. ನಮ್ಮ ತಲೆಮಾರಿನ ತಲೇಲಿ ಇರೋದು ಸಿಇಟಿ. ಮಾರ್ಕ್ಸ್ ಬಂತು, ರ‍್ಯಾಂಕ್ ಬಂತು, ಸೀಟು ಸಿಕ್ತು. ನಮ್ಮನೆಯವರೂ ಹಾಗೇ ಅನ್ಕೊಂಡು, ಮಗ ಒಂಬತ್ತನೇ ಕ್ಲಾಸಲ್ಲಿದ್ದಾಗಲೇ ಎಕ್ಸೆಲ್ ಶೀಟ್ ಮಾಡಿ, ಇಂಜಿನಿಯರ್ ಅಲ್ವಾ, ನಲವತ್ತು ಕೋಚ್‌ಗಳಿಗೆ ತಾವೇ ಇಮೇಲ್ ಕಳಿಸಿದ್ರು. ಡಿವಿಷನ್ ಒನ್, ಅಂದ್ರೆ ಎಲ್ಲಕ್ಕಿಂತ ಮೇಲಿನ ದರ್ಜೆಯವರು, ಒಬ್ಬರೂ ಉತ್ತರ ಕೊಡ್ಲಿಲ್ಲ. ಎರಡು ವಾರ ಮುಖ ಊದಿಸ್ಕೊಂಡು ಓಡಾಡಿದ್ರು. ಆಮೇಲೆ ಗೊತ್ತಾಯ್ತು, ಉತ್ತರ ಕೊಡೋ ಹಾಗೇ ಇಲ್ಲ! ಎಂಟು ಒಂಬತ್ತನೇ ಕ್ಲಾಸ್ ಮಕ್ಕಳೆಲ್ಲ ಕಮಿಟ್ ಆಗೋ, ಅಂದ್ರೆ ನಿಮ್ಮ ಕಾಲೇಜಿಗೇ ಬರ್ತೀನಿ ಅಂತ ಮಾತು ಕೊಡೋ ಹುಚ್ಚು ಜಾಸ್ತಿಯಾಗಿ 2017ರಲ್ಲಿ ಕಾಲೇಜು ಆಟಗಳನ್ನ ನೋಡ್ಕೊಳ್ಳೋ ಸಂಸ್ಥೆ ಎನ್‌ಸಿಎಎ ರೂಲ್ ತಂತು, ಡಿವಿಷನ್ ಒನ್ ಕೋಚ್‌ಗಳು ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ರವರೆಗೆ ರಿಕ್ರೂಟಿಂಗ್ ಮಾತೇ ಆಡೋ ಹಾಗಿಲ್ಲ. ಫೋನಿಲ್ಲ, ಮೆಸೇಜಿಲ್ಲ, ಆಫರಿಲ್ಲ. ಕ್ಯಾಂಪ್ ಜಾಹೀರಾತು ಥರದ್ದು ಮಾತ್ರ ಕಳಿಸಬಹುದು. ಅದು ಬಂದಾಗ ನಾವು ಪಾಯಸ ಮಾಡಿದ್ವಿ ಗೊತ್ತಾ? ನಮ್ಮ ಮಗನನ್ನೇ ಹುಡುಕ್ಕೊಂಡು ಕರೆದಿದಾರೆ ಅಂತ ದುಡ್ಡು ಕಟ್ಟಿ ಹೋದ್ರೆ ಅಲ್ಲಿ ಜಾತ್ರೆ, ನಮ್ಮಂಗೇ ಪಾಯಸ ಮಾಡಿ ಬಂದೋರು ನೂರಾರು ಜನ.

ನಾನು ಹೇಳೋದು ಇಷ್ಟೇ, ಇದು ಸಿಇಟಿ ಅಲ್ಲ, ಹೆಣ್ಣು ನೋಡೋ ಶಾಸ್ತ್ರ. ನಗಬೇಡಿ. ಉಪ್ಪಿಟ್ಟು ಕೇಸರಿಭಾತ್ ತಿಂದು, ಹುಡುಗಿ ಕೈಲಿ ಹಾಡು ಹೇಳಿಸಿ, ಎದ್ದು ಹೋಗೋವಾಗ ಏನಂತಿದ್ರು? "ಊರಿಗೆ ಹೋಗಿ ಕಾಗದ ಬರೀತೀವಿ." ಕೋಚ್ ಬಂದು ಭುಜ ತಟ್ಟಿ, ಚೆನ್ನಾಗಿ ಆಡ್ದೆ, ಟಚ್‌ನಲ್ಲಿರೋಣ ಅಂದ್ರೆ ಅದೇ ಕಾಗದ. ನಮ್ಮಮ್ಮನ ಕಾಲದಲ್ಲಿ ಎಲ್ಲರಿಗೂ ಅದರ ಅರ್ಥ ಗೊತ್ತಿತ್ತು, ನಾವು ಇಲ್ಲಿ ಬಂದು ಮರೆತಿದೀವಿ, ಇನ್ನೂ ಪೋಸ್ಟ್‌ಮ್ಯಾನ್ ದಾರಿ ಕಾಯ್ತೀವಿ.

ಆ ಸೆಪ್ಟೆಂಬರ್ 1ರ ಕಥೆ ಹೇಳ್ಲೇಬೇಕು. 2022. ಹಿಂದಿನ ದಿನ ಆಗಸ್ಟ್ 31 ಗಣೇಶನ ಹಬ್ಬ. ರಾತ್ರಿ ಹನ್ನೆರಡಕ್ಕೆ ಫೋನ್ ಬರತ್ತೆ ಅಂತ ಎಲ್ಲಾ ಹುಡುಗರೂ ಎದ್ದಿರ್ತಾರೆ, ನಮ್ಮನೇಲೂ ಊಟದ ಟೇಬಲ್ ಮೇಲೆ ಫೋನು, ಪಕ್ಕದಲ್ಲಿ ಉಳಿದ ಕಡುಬು, ಮೂರೂ ಜನ ಫೋನನ್ನೇ ನೋಡ್ತಾ ಕೂತಿದೀವಿ, ನಮ್ಮನೆಯವರು ಎದ್ದು ಇನ್ನೊಂದು ಸಲ ದೀಪಕ್ಕೆ ಎಣ್ಣೆ ಹಾಕಿ ಬಂದ್ರು. ಹನ್ನೆರಡೂ ಹತ್ತಕ್ಕೆ ರಿಂಗ್ ಆಯ್ತು. ಗೊತ್ತಿಲ್ಲದ ನಂಬರು. ಮಗ ಗಂಟಲು ಸರಿ ಮಾಡ್ಕೊಂಡು, ಅವನ ಬೆಸ್ಟ್ ಇಂಗ್ಲಿಷಲ್ಲಿ, ಹಲೋ ಕೋಚ್, ಫೋನ್ ಮಾಡಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಂದ. ಆ ಕಡೆಯಿಂದ, "ಯಾವ ಕೋಚೋ, ಅಜ್ಜಿ ಕಣೋ! ಗಣಪತಿ ಬಿಟ್ರಾ?" ಹಾಸನದಲ್ಲಿ ಬೆಳಗ್ಗೆ ಒಂಬತ್ತೂ ನಲವತ್ತು, ಅತ್ತೆ ತಿಂಡಿ ಮುಗಿಸಿ ನಾದಿನಿಯ ಹೊಸ ನಂಬರಿಂದ ಮಾಡಿದಾರೆ. ಯಾವ ನೀರಿಗೆ ಬಿಡ್ತೀರಿ, ಬಕೆಟ್ಟೋ ಕೆರೇನೋ ಅಂತ ಅರ್ಧ ಗಂಟೆ ವಿಚಾರಣೆ ಆಯ್ತು. ಇವನು ಫೋನ್ ಇಡೋಕೂ ಆಗ್ದೆ ಮಾತಾಡೋಕೂ ಆಗ್ದೆ ಕಣ್ಣಲ್ಲಿ ನೀರು ತುಂಬ್ಕೊಂಡು ನಗ್ತಿದಾನೆ. ಬೇರೆ ಯಾರೂ ಫೋನ್ ಮಾಡ್ಲಿಲ್ಲ ಅವತ್ತು.

ಆದ್ರೆ ಕೇಳಿ. ಹತ್ತನೇ ಕ್ಲಾಸಿಂದ್ಲೇ ಒಬ್ಬ ಡಿವಿಷನ್ ತ್ರೀ ಕೋಚ್ ಇವನಿಗೆ ಉತ್ತರ ಬರೀತಿದ್ರು, ಅವರಿಗೆ ಆ ಸೆಪ್ಟೆಂಬರ್ ಕಟ್ಟುಪಾಡು ಇಲ್ಲ. ಬೇಸಿಗೆ ಟೂರ್ನಮೆಂಟಲ್ಲಿ ಮೂರು ಸಲ ಬಂದು ನಿಂತು ನೋಡಿದ್ರು. ನಾವು ಕ್ಯಾರೇ ಅಂದಿರ್ಲಿಲ್ಲ, ದೊಡ್ಡ ಹೆಸರಲ್ಲ ಅಂತ. ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ವಿ.

ಲೆಕ್ಕ ನೋಡಿ. ಮೊದ್ಲು ಡಿವಿಷನ್ ಒನ್ ಹುಡುಗರ ಟೀಮಿಗೆ 12.6 ಸ್ಕಾಲರ್‌ಶಿಪ್, ಅದನ್ನ ನಲವತ್ತು ಚಿಲ್ಲರೆ ಹುಡುಗರಿಗೆ ಪ್ರಸಾದದ ಹಾಗೆ ಹಂಚೋದು. ಎನ್‌ಸಿಎಎ ಮೇಲೆ ಆಟಗಾರರು ಹಾಕಿದ್ದ ಕೇಸಿನ ಸೆಟಲ್‌ಮೆಂಟ್ 2025ರಲ್ಲಿ ಆದ್ಮೇಲೆ, ಅದಕ್ಕೆ ಸೇರ್ಕೊಂಡ ಕಾಲೇಜುಗಳಲ್ಲಿ ಆ ಮಿತಿ ಹೋಗಿ ಟೀಮ್ ಸೈಜಿಗೇ ಮಿತಿ ಬಂತು, ಹುಡುಗರಿಗೆ 48, ಹುಡುಗಿಯರಿಗೆ 38. ಮಿತಿ ಹೋಯ್ತು ಅಂದ್ರೆ ದುಡ್ಡು ಬಂತು ಅಂತಲ್ಲ. 48ನ್ನ ನಾಲ್ಕು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ ಹನ್ನೆರಡು. ಅದ್ರಲ್ಲಿ ಒಬ್ಬ ಗೋಲ್‌ಕೀಪರ್, ಆಟ ಶುರುವಾಗೋವಾಗ ಚೆಂಡಿಗೆ ಕಿತ್ತಾಡೋ ಒಬ್ಬ ಫೇಸ್‌ಆಫ್ ಹುಡುಗ, ಉದ್ದ ಕೋಲಿನವರು ಮೂರೋ ನಾಲ್ಕೋ. ಮೇಲಿಂದ ಟ್ರಾನ್ಸ್‌ಫರ್ ಪೋರ್ಟಲ್ಲಿಂದ, ಅಂದ್ರೆ ಕಾಲೇಜು ಬದಲಾಯಿಸೋ ಆಟಗಾರರ ಪಟ್ಟಿಯಿಂದ, ಮೀಸೆ ಬಂದಿರೋ ಇಪ್ಪತ್ತೆರಡು ವರ್ಷದೋರು ಬರ್ತಾರೆ. ನಿಮ್ಮ ಹುಡುಗ ಎಷ್ಟೇ ಚೆನ್ನಾಗಿರ್ಲಿ, ಆ ವರ್ಷ ಅವರಿಗೆ ಡಿಫೆಂಡರ್ ಬೇಡ ಅಂದ್ರೆ ಬೇಡ. ಅದಕ್ಕೇ ಹೇಳಿದ್ದು ಸಿಇಟಿ ಅಲ್ಲ ಅಂತ, ರ‍್ಯಾಂಕ್ ಇದ್ರೂ ಜಾತಕ ಕೂಡಬೇಕು.

ಹಾಗಾಗಿ ಮಗ ಕೇಳಬೇಕಾದ್ದು ಒಂದೇ ಪ್ರಶ್ನೆ. ಮಗ ಕೇಳಬೇಕು, ಅಪ್ಪ ಅಲ್ಲ, ಅಮ್ಮನೂ ಅಲ್ಲ. ನನ್ನ ವರ್ಷಕ್ಕೆ ನನ್ನ ಪೊಸಿಷನ್‌ಗೆ ಎಷ್ಟು ಜನ ಬೇಕು, ನಿಮ್ಮ ಲಿಸ್ಟಲ್ಲಿ ನಾನು ಎಷ್ಟನೆಯವನು? ಇವನು ಕೈ ನಡುಗಿಸ್ಕೊಂಡು ಕೇಳ್ದ. ಒಬ್ಬ ಡಿವಿಷನ್ ಒನ್ ಕೋಚ್ ನೇರವಾಗಿ, ಒಂಬತ್ತನೆಯವನು, ಮೂರು ಬೇಕು ಅಂದ್ರು. ಅಷ್ಟು ಒಳ್ಳೆ ಕಾಗದ ನಮಗೆ ಯಾರೂ ಬರೆದಿರ್ಲಿಲ್ಲ. ಆ ಡಿವಿಷನ್ ತ್ರೀ ಕೋಚು "ಎರಡನೆಯವನು" ಅಂದ್ರು. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇರಲ್ಲ, ಮನೆ ಆದಾಯ, ಓದು ನೋಡಿ ಕೊಡ್ತಾರೆ. ಹಾರ್ವರ್ಡ್, ಕಾರ್ನೆಲ್ ಥರದವರ ಐವಿ ಲೀಗಲ್ಲೂ ಆಟಕ್ಕೆ ಕೊಡಲ್ಲ, ಆದ್ರೂ 2025ರಲ್ಲಿ ಕಾರ್ನೆಲ್ ಬಂದು ಫೈನಲ್ಲಲ್ಲಿ ನಮ್ಮ ಮೇರಿಲ್ಯಾಂಡನ್ನೇ ಸೋಲಿಸ್ಲಿಲ್ವಾ. ಸಾರಿ, ಇಲ್ಲಿ ಅದನ್ನ ಎತ್ತಬಾರದಿತ್ತು.

ಅಯ್ಯೋ, ಕಾರ್ಯದರ್ಶಿಗಳು ವಾಚ್ ತೋರಿಸ್ತಿದಾರೆ. ಬೇಗ ಬೇಗ. ವಿಡಿಯೋ ಮೂರು ನಾಲ್ಕು ನಿಮಿಷ ಸಾಕು, ಆಟ ಶುರುವಾಗೋ ಮುಂಚೆ ನಿಮ್ಮ ಹುಡುಗ ಯಾರು ಅಂತ ಬಾಣ ಹಾಕಿ, ಹಾಡು ಗೀಡು ಬೇಡ. ಎಡಗೈ ಆಟ ಕಾಣಿಸ್ಬೇಕು, ಅದಕ್ಕೆ ದಿನಾ ಗೋಡೆಗೆ ಚೆಂಡು ಹೊಡೀಬೇಕು, ಪಕ್ಕದ ಮನೆಯವರು ಬೈದ್ರೆ ಹೋಳಿಗೆ ಕೊಟ್ಟು ಬನ್ನಿ. ಡಿವಿಷನ್ ಒನ್‌ಗೆ ಇಂಗ್ಲಿಷ್, ಗಣಿತ ಥರದ ಮುಖ್ಯ ವಿಷಯಗಳ 16 ಕೋರ್ ಕೋರ್ಸ್, ಅದ್ರಲ್ಲಿ 10 ಹನ್ನೆರಡನೇ ಕ್ಲಾಸ್ ಶುರುವಾಗೋ ಮುಂಚೆ ಮುಗಿದಿರ್ಬೇಕು, ಕೌನ್ಸಿಲರ್ ಹತ್ರ ಒಂಬತ್ತನೇ ಕ್ಲಾಸಲ್ಲೇ ಕೂತು ನೋಡಿ. ಬಾಯಿಮಾತಿನ ಕಮಿಟ್‌ಮೆಂಟ್ ಬಾಯಿಮಾತೇ, ತಾಂಬೂಲ ಅಲ್ಲ, ಎರಡೂ ಕಡೆಯವರು ಮುರೀಬಹುದು. ಡಿವಿಷನ್ ತ್ರೀನಲ್ಲಿ ಹನ್ನೊಂದು ಮುಗಿದ ಬೇಸಿಗೇಲಿ ಕೋಚು ಮಾರ್ಕ್ಸ್ ಶೀಟನ್ನ ಅಡ್ಮಿಷನ್ಸ್‌ನವರ ಹತ್ರ ಮೊದ್ಲೇ ತೋರಿಸಿ ಕೇಳ್ತಾರೆ, ಪ್ರೀ ರೀಡ್ ಅಂತ, ಅಲ್ಲಿ ಹೂಂ ಅಂದ್ರೆ ನವೆಂಬರಲ್ಲಿ ಅರ್ಲಿ ಡಿಸಿಷನ್, ಸೀಟು ಕೊಟ್ರೆ ಸೇರೇ ಸೇರ್ತೀನಿ ಅಂತ ಮೊದ್ಲೇ ಹಾಕೋ ಅರ್ಜಿ. ನಮ್ಮದು ಹಾಗೇ ಆಗಿದ್ದು.

ಹುಡುಗಿಯರ ಬಗ್ಗೆ ಹೇಳ್ಲೇ ಇಲ್ಲ, ರೂಲ್ ಅದೇ, ಆಟ ಬೇರೆ. ಗೋಲ್‌ಕೀಪರ್‌ಗಳ ಅಪ್ಪ ಅಮ್ಮ ಯಾರಾದ್ರೂ ಇದ್ರೆ ಊಟದ ಲೈನಲ್ಲಿ ಸಿಗಿ, ನಿಮ್ಮ ಕಷ್ಟ ಬೇರೇನೇ, ಮೈಕಲ್ಲಿ ಹೇಳೋದಲ್ಲ.