ಇಸ್ರಾಯೇಲರು ಎಲ್ಲಿಂದ ಬಂದರು? ಮಡಕೆಗಳನ್ನು ಕೇಳೋಣ

ನಮಸ್ಕಾರ. ಬೈಬಲಿನಲ್ಲಿ ಬರುವ, ಯೆರಿಕೋ ಊರಿನ ಕೋಟೆ ಬಿದ್ದ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಇಸ್ರಾಯೇಲರ ನಾಯಕ ಯೆಹೋಶುವ ಜನರನ್ನು ಕರೆತಂದ, ಕೊಂಬು ಊದಿಸಿದ, ಗೋಡೆ ಬಿತ್ತು, ಕಾನಾನ್ (ಇಂದಿನ ಇಸ್ರೇಲ್, ಪ್ಯಾಲೆಸ್ಟೈನ್ ಇರುವ ನಾಡು) ಇಸ್ರಾಯೇಲರ ಕೈಸೇರಿತು.

1950ರ ದಶಕದಲ್ಲಿ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಯೆರಿಕೋದಲ್ಲಿ ಅಗೆದರು. ಬಿದ್ದ ಗೋಡೆ ಸಿಕ್ಕಿತು, ಬೂದಿಯೂ ಸಿಕ್ಕಿತು. ಆದರೆ ಅದು ಕ್ರಿ.ಪೂ. 1550ರ ಸುಮಾರಿನದು. ಯೆಹೋಶುವನ ಕಾಲ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುವ ಕ್ರಿ.ಪೂ. 13ನೇ ಶತಮಾನದಲ್ಲಿ ಅಲ್ಲಿ ಬೀಳಿಸುವುದಕ್ಕೆ ಕೋಟೆಯೇ ಕಾಣುವುದಿಲ್ಲ. ಯೆಹೋಶುವ ಗೆದ್ದನೆಂದು ಹೇಳುವ ಇನ್ನೊಂದು ಊರು ಆಯಿ ಅಂತೂ ಆ ಹೊತ್ತಿಗೆ ಸಾವಿರ ವರ್ಷದಿಂದ ಪಾಳುಬಿದ್ದಿತ್ತು. ಅವನು ಸುಟ್ಟನೆನ್ನುವ ಹಾಚೋರ್ ನಗರ ಸುಟ್ಟಿದ್ದು ನಿಜ. ಸುಟ್ಟವರು ಯಾರು ಎನ್ನುವುದಕ್ಕೆ ಇನ್ನೂ ವಾದ ನಡೆದಿದೆ.

ಹಾಗಂತ ಇಸ್ರಾಯೇಲರೇ ಸುಳ್ಳಾ? ಖಂಡಿತ ಅಲ್ಲ. 1896ರಲ್ಲಿ ಈಜಿಪ್ಟಿನಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿಗೆ ಒಂದು ಶಾಸನ ಸಿಕ್ಕಿತು. ಕ್ರಿ.ಪೂ. 1208ರ ಸುಮಾರಿಗೆ ಫರೋಹ ಮೆರ್ನೆಪ್ತಾ ಕೆತ್ತಿಸಿದ್ದು. ‘ಇಸ್ರಾಯೇಲ್ ಹಾಳಾಯಿತು, ಅದರ ಬೀಜ ಇಲ್ಲ’ ಎಂದು ಅದರಲ್ಲಿದೆ. ಕಾನಾನಿನ ನಗರಗಳಾದ ಅಷ್ಕೆಲೋನ್, ಗೆಜೆರ್ ಹೆಸರುಗಳ ಮುಂದೆ, ಈಜಿಪ್ಟಿನ ಚಿತ್ರಲಿಪಿಯಲ್ಲಿ ನಾಡನ್ನು ತೋರಿಸುವ ಗುರುತಿದೆ. ಇಸ್ರಾಯೇಲ್ ಮುಂದೆ ಮಾತ್ರ ಒಬ್ಬ ಗಂಡಸು, ಒಬ್ಬ ಹೆಂಗಸಿನ ಚಿತ್ರ. ಅಂದರೆ ಇಸ್ರಾಯೇಲ್ ಒಂದು ನಾಡಲ್ಲ, ಒಂದು ಜನಾಂಗ.

ಆ ಜನ ಎಲ್ಲಿದ್ದರು? ನನ್ನ ಮನಸ್ಸು ನಿಲ್ಲುವುದೇ ಇಲ್ಲಿ. ಪುರಾತತ್ವಜ್ಞ ಇಸ್ರೇಲ್ ಫಿಂಕೆಲ್‌ಸ್ಟೈನ್ ಮತ್ತಿತರರು ಕಾನಾನಿನ ನಡುಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ನೋಡಿದರು. ಮೊದಲು ಬಹುಪಾಲು ಖಾಲಿಯಿದ್ದ ಆ ನೆಲದಲ್ಲಿ, ಕ್ರಿ.ಪೂ. 1200ರ ಆಸುಪಾಸಿನಿಂದ ಸುಮಾರು 250 ಪುಟ್ಟ ಹಳ್ಳಿಗಳು ಎದ್ದಿದ್ದವು. ಅರಮನೆ ಇಲ್ಲ, ದೊಡ್ಡ ಗುಡಿ ಇಲ್ಲ. ಕಂಬದ ಮನೆಗಳು, ಕಾಳಿನ ಹಗೇವುಗಳು, ಕೊರಳಲ್ಲಿ ಏಣು ಇರುವ ದೊಡ್ಡ ಗುಡಾಣಗಳು. ಕೆಲವು ಹಳ್ಳಿಗಳಲ್ಲಿ ಮನೆಗಳು ದುಂಡಗೆ ನಿಂತಿವೆ, ನಡುವೆ ಬಯಲು. ಕುರಿ ಕಾಯುವವರ ಗುಡಾರಗಳ ಹಾಗೇ ಅಲ್ವಾ? ಹಂದಿ ಮೂಳೆಯಂತೂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೈಬಲಿನ ಪ್ರಕಾರ ಇಸ್ರಾಯೇಲರು ಹಂದಿ ತಿನ್ನಬಾರದು, ನಿಜ, ಆದರೆ ಅದೊಂದನ್ನೇ ಹಿಡಿದು ಇವರು ಇಸ್ರಾಯೇಲರು ಅನ್ನೋದು ಆತುರ. ಹಂದಿ ತಿನ್ನದವರು ಸುತ್ತ ಬೇರೆಯವರೂ ಇದ್ದರು.

ಮಡಕೆ ನೋಡಿ. ಅದೇ ಕಾನಾನ್ ಕುಂಬಾರಿಕೆ, ಇನ್ನೂ ಸರಳವಾಗಿದೆ ಅಷ್ಟೆ. ಇಸ್ರಾಯೇಲರ ಹೀಬ್ರೂ ಭಾಷೆಯೂ ಕಾನಾನ್ ನುಡಿಗಳ ಮನೆಯದೇ. ಹೊರಗಿನಿಂದ ದಂಡೆತ್ತಿ ಬಂದವರ ಸಾಮಾನು ಇದಲ್ಲ. ಈಜಿಪ್ಟಿನಿಂದ ಒಂದು ಸಣ್ಣ ಗುಂಪು ತನ್ನ ನೆನಪುಗಳ ಜೊತೆ ಬಂದು ಸೇರಿರಬಹುದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹೆಚ್ಚಿನವರು ಆ ನೆಲದವರೇ. ಬಯಲಿನ ನಗರಗಳು ಕುಸಿದಾಗ ಗುಡ್ಡ ಹತ್ತಿದ ರೈತರು, ಅಲೆದಾಟ ಬಿಟ್ಟ ಕುರಿಗಾಹಿಗಳು. ಇಸ್ರಾಯೇಲ್ ಆಗಿದ್ದು ಅಲ್ಲೇ, ನಿಧಾನವಾಗಿ.

ಇಜ್ಬೆತ್ ಸರ್ತಾ ಎಂಬ ಇಂಥದೇ ಒಂದು ಹಳ್ಳಿಯ ಹಗೇವಿನಲ್ಲಿ 1976ರಲ್ಲಿ ಮಡಕೆ ಚೂರೊಂದು ಸಿಕ್ಕಿತು. ಅದರ ಮೇಲೆ ಐದು ಸಾಲು ಗೀಚಿದ ಅಕ್ಷರಗಳು. ಕೊನೆಯ ಸಾಲು ವರ್ಣಮಾಲೆ. ಯಾರೋ ಬರೆಯೋಕೆ ಕಲಿಯುತ್ತಿದ್ದರು. ಕೆಲವು ಅಕ್ಷರ ತಪ್ಪಿವೆ. ಲಿಪಿ ಕಾನಾನರದು.