ಬೆನ್ನ ಮೇಲಿನ ಸಂಖ್ಯೆ

ಸ್ನೇಹಿತರೇ, ಓಟಗಾರನಿಗೆ ತನ್ನದೇ ಟ್ರ್ಯಾಕ್ ಇರುತ್ತದೆ. ಜೋಡಿಯಾಗಿ ಕುಣಿಯುವ ಬಾಲ್‌ರೂಮ್ ನೃತ್ಯದವರಿಗೆ ಆ ಭಾಗ್ಯವಿಲ್ಲ. ಫೈನಲ್‌ನಲ್ಲಿ ಸಾಮಾನ್ಯವಾಗಿ ಆರು ಜೋಡಿಗಳು ಒಂದೇ ಕಣದಲ್ಲಿ, ಒಂದೇ ಸಂಗೀತಕ್ಕೆ, ಒಟ್ಟಿಗೇ ಕುಣಿಯುತ್ತವೆ. ವಾಲ್ಟ್ಸ್, ಫಾಕ್ಸ್‌ಟ್ರಾಟ್‌ಗಳಲ್ಲಂತೂ ಎಲ್ಲರೂ ಅಪ್ರದಕ್ಷಿಣವಾಗಿ ಕಣವನ್ನು ಸುತ್ತುತ್ತಿರಬೇಕು. ಎದುರಾಳಿ ಎಂಬ ಪದವೇ ನಮಗೆ ಒಪ್ಪುವುದಿಲ್ಲ. ಅವನು ಮುಂದೆ ಬೆನ್ನು ತೋರಿಸಿಕೊಂಡು ಹೋಗುತ್ತಿರುತ್ತಾನೆ. ಆ ಬೆನ್ನಿಗೊಂದು ಸಂಖ್ಯೆಯ ಚೀಟಿ. ಆರು ವರ್ಷ ನಾನು ದ್ವೇಷಿಸಿದ್ದು ಒಬ್ಬನ ಬೆನ್ನಿನ ಚೀಟಿಯನ್ನು.

ಅವನಿಗೊಂದು ಚಾಳಿಯಿತ್ತು. ತೀರ್ಪುಗಾರರು ನಿಂತ ಮೂಲೆಯನ್ನು ಗುರುತಿಸಿಟ್ಟುಕೊಂಡು, ನಾವು ಅಲ್ಲಿಗೆ ತಲುಪಲು ಎರಡು ಹೆಜ್ಜೆ ಇರುವಾಗ ಅಡ್ಡ ಬರುತ್ತಿದ್ದ. ನಿಯಮ ಮೀರಿದನೆಂದು ದೂರುವಂತಿರಲಿಲ್ಲ. ಒಮ್ಮೆ ಸ್ಲೋ ಫಾಕ್ಸ್‌ಟ್ರಾಟ್‌ನಲ್ಲಿ ನನಗೆ ಸಿಟ್ಟು ನೆತ್ತಿಗೇರಿ ನುಗ್ಗಲು ಹೊರಟಾಗ, ನನ್ನ ಜೊತೆಗಾತಿ ತುಟಿ ಅಲುಗಿಸದೆ "ನಿಲ್ಲು" ಎಂದಳು. ಅರೆಗಳಿಗೆ ನಿಂತೆವು. ನೋಡಿದವರಿಗೆ ಅದು ಬೇಕೆಂದೇ ಕಟ್ಟಿದ ನಿಲುವಿನಂತೆ ಕಂಡಿರಬೇಕು. ಆ ನೃತ್ಯ ನಮ್ಮದಾಯಿತು!

ಲೆಕ್ಕವೂ ವಿಚಿತ್ರವೇ. ಸ್ಕೇಟಿಂಗ್ ಪದ್ಧತಿ ಎಂದು ಅದರ ಹೆಸರು. ಫೈನಲ್‌ನಲ್ಲಿ ತೀರ್ಪುಗಾರರು ಕೊಡುವುದು ಅಂಕವನ್ನಲ್ಲ, ಸ್ಥಾನವನ್ನು. ಏಳು ಜನರಲ್ಲಿ ನಾಲ್ವರು ಮೊದಲ ಸ್ಥಾನ ಕೊಟ್ಟರೆ ಗೆದ್ದಂತೆ, ಉಳಿದ ಮೂವರು ಕೊನೆಗೆ ತಳ್ಳಿದ್ದರೂ ಚಿಂತೆಯಿಲ್ಲ. ಮೂರು ಕಡೆ ಮೊದಲು, ನಾಲ್ಕು ಕಡೆ ಎರಡನೆಯದು ಬಂದು, ಯಾರಿಗೂ ಬೇಡವಾಗದೆಯೇ ನಾನು ಸೋತಿದ್ದೇನೆ.

ಜೋಡಿ ಮುರಿದಾಗಿನ ಪೈಪೋಟಿಯೇ ಬೇರೆ. ಲಿಥುವೇನಿಯಾದ ಅರೂನಾಸ್ ಬಿಜೋಕಾಸ್ ಮತ್ತು ಎಡಿಟಾ ದಾನ್ಯೂಟೆ ಹವ್ಯಾಸಿ ವಿಭಾಗದಲ್ಲಿ ಜೋಡಿಯಾಗಿದ್ದವರು. ಮುಂದೆ ವೃತ್ತಿಪರರಾಗಿ ಅರೂನಾಸ್ ಕತ್ಯೂಷಾ ಡೆಮಿಡೋವಾ ಜೊತೆಗೂ ಎಡಿಟಾ ಇಟಲಿಯ ಮಿರ್ಕೊ ಗೊಝೋಲಿ ಜೊತೆಗೂ ಕುಣಿದರು. ಯಾವ ತಿರುವಿನಲ್ಲಿ ನಿಮ್ಮ ಭುಜ ಏರುತ್ತದೆ ಎಂದು ಬಲ್ಲವರೇ ಪಕ್ಕದ ಜೋಡಿಯಲ್ಲಿದ್ದರೆ ಹೇಗಿರುತ್ತದೆ, ಯೋಚಿಸಿ. ನನಗೆ ಆ ಪಾಡು ಬರಲಿಲ್ಲ, ಸದ್ಯ.

ನನ್ನ ಚೀಟಿಯವನ ಕಥೆ ಮುಗಿಸಿಬಿಡುತ್ತೇನೆ. ಪಿನ್ನು ಹಾಕಿಕೊಡುವುದು ಸಾಮಾನ್ಯವಾಗಿ ಜೊತೆಗಾತಿಯ ಕೆಲಸ. ಒಂದು ಸಂಜೆ ಅವನ ಜೊತೆಗಾತಿಯ ತುರುಬು ಇನ್ನೂ ಮುಗಿದಿರಲಿಲ್ಲ. ಚೀಟಿ ಹಿಡಿದು ನನ್ನ ಬಳಿಗೇ ಬಂದ. "ಸ್ವಲ್ಪ ಹಾಕಿಕೊಡುತ್ತೀರಾ?" ಆರು ವರ್ಷದಲ್ಲಿ ನಮ್ಮ ಮೊದಲ ಮಾತು ಅದು. ಅವನ ಕೋಟಿನ ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ಯಾರೋ ತುಸು ತಿಳಿ ಬಣ್ಣದ ದಾರದಲ್ಲಿ ಕೈಯಿಂದಲೇ ಹೊಲಿದಿದ್ದರು. ನನ್ನ ಕೋಟೂ ಅಲ್ಲೇ ಬಿಟ್ಟಿತ್ತು. ತೋಳನ್ನು ಗಂಟೆಗಟ್ಟಲೆ ಹಾಗೆ ಎತ್ತಿ ಹಿಡಿದರೆ ಅಲ್ಲೇ ಬಿಡುವುದು.

ನಾಲ್ಕು ಮೂಲೆಗೆ ನಾಲ್ಕು ಪಿನ್ನು. ಕೊನೆಯದನ್ನು ಸೊಟ್ಟ ಹಾಕಿದೆ, ಬೇಕೆಂದೇ. ಆಮೇಲೆ ತೆಗೆದು ನೆಟ್ಟಗೆ ಹಾಕಿದೆ. ಆ ರಾತ್ರಿ ಗೆದ್ದವನು ಅವನೇ. ಐದು ನೃತ್ಯ ಮುಗಿಯುವವರೆಗೂ ಚೀಟಿ ಒಂದಿಷ್ಟೂ ಅಲುಗಲಿಲ್ಲ.